ಖಾಲಿ ಚೌಕದವರೆಲ್ಲ ಕೊನೆಯ ಸೀಟಿಗೆ

ಕಂಪ್ಯೂಟರಿಗೆ ಒಂದು ಕೆಟ್ಟ ಚಾಳಿಯಿದೆ. ಎಕ್ಸೆಲ್ ಹಾಳೆಯಲ್ಲಿ ಯಾರದಾದರೂ ಚೌಕ ಖಾಲಿ ಇದ್ದರೆ ಅವರನ್ನು ಎತ್ತಿಕೊಂಡು ಹೋಗಿ ಎಲ್ಲರ ಕೆಳಗೆ ಕೂರಿಸುತ್ತದೆ. ದೊಡ್ಡದರಿಂದ ಸಣ್ಣದಕ್ಕೆ ಜೋಡಿಸು ಎಂದರೂ ಕೆಳಗೆ, ಸಣ್ಣದರಿಂದ ದೊಡ್ಡದಕ್ಕೆ ಎಂದರೂ ಕೆಳಗೆ. ಯಾಕೆ ಖಾಲಿ ಇದೆ, ಮರೆತರೋ, ಗೊತ್ತಿಲ್ಲವೋ, ಹೇಳಲು ಮನಸ್ಸಿಲ್ಲವೋ ಎಂದು ಒಂದು ಮಾತು ಕೇಳುವುದಿಲ್ಲ. ಹಾಗೆ ಕೇಳದೆ ಕೂರಿಸಿದ್ದರಿಂದ ನನ್ನ ಅತ್ತೆಗೆ ಬಸ್ಸಿನ ಕೊನೆಯ ಸೀಟು ಬಂತು. ಆ ಬೆಳಿಗ್ಗೆ ಜೇವರ್ಗಿಯಲ್ಲಿ ಎಂಥ ಗದ್ದಲವೆದ್ದಿತೆಂದರೆ, ಈಗಲೂ ಲ್ಯಾಪ್‌ಟಾಪ್ ಮುಂದೆ ಕೂತಾಗ ಅದು ನೆನಪಾಗಿ ಒಬ್ಬಳೇ ನಗುತ್ತೇನೆ. ಹುಚ್ಚು ಹಿಡಿದಿದೆ ಎಂದು ಮನೆಯವರು ತಿಳಿದುಕೊಂಡರೆ ತಿಳಿದುಕೊಳ್ಳಲಿ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕಿನ ಊರುಗಳಲ್ಲಿ ಕೌದಿ ಹೊಲಿಯುವ ಹೆಂಗಸರ ಕೂಟವೊಂದಿದೆ. ಹಳೆ ಸೀರೆ, ಹಳೆ ಧೋತರಗಳ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ಅಂಚಿನಿಂದ ಅಂಚಿಗೆ ಹೊಲಿಗೆ ಹಾಕುತ್ತ ಹೋದರೆ ಕೌದಿ. ನಾನು ಹೊಲಿಯುವವಳಲ್ಲ. ಮಾದನಹಿಪ್ಪರಗಾಕ್ಕೆ ಸೊಸೆಯಾಗಿ ಬಂದ ಹೊಸದರಲ್ಲೇ ನನ್ನ ಹೊಲಿಗೆ ನೋಡಿ ಅತ್ತೆ, “ಇದೇನ್ ಬೇ, ಹಾವ್ ಹರದಂಗ ಅದ” ಎಂದು ಸೂಜಿ ಕಸಿದುಕೊಂಡಿದ್ದರು. ಆಳಂದದ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆನೆಂಬ ಒಂದೇ ಕಾರಣಕ್ಕೆ ಕೂಟದ ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಂತು. ಅಂದಿನಿಂದ ನನ್ನ ನಡಿಗೆಯೇ ಬದಲಾಯಿತು ಎಂದು ಓಣಿಯವರು ಆಡಿಕೊಂಡರು. ಬದಲಾಗಿದ್ದು ನಿಜ. ಸೂಜಿ ಕಳೆದುಕೊಂಡವಳಿಗೆ ಇಲಿ ಸಿಕ್ಕಿತ್ತು, ಅದೂ ಬಾಲವಿಲ್ಲದ ಇಲಿ, ಬ್ಲೂಟೂತ್‌ದು.

ಒಂದು ವರ್ಷ ಕೌದಿಗಳು ಚೆನ್ನಾಗಿ ಹೋದವು. ಎಲ್ಲರೂ ಸೇರಿ ಒಂದು ದಿನ ಆಲಮಟ್ಟಿಗೆ ಹೋಗಿಬರೋಣ, ಅಣೆಕಟ್ಟು ನೋಡೋಣ, ತೋಟದಲ್ಲಿ ಬುತ್ತಿ ಬಿಚ್ಚೋಣ, ಹಾಡಿಗೆ ಕುಣಿಯುವ ಕಾರಂಜಿ ನೋಡಿಕೊಂಡು ಬರೋಣ ಎಂದು ತೀರ್ಮಾನವಾಯಿತು. ಎಲ್ಲರೂ ಜೇವರ್ಗಿಯಲ್ಲಿ ಕೂಡುವುದು, ಅಲ್ಲಿಂದ ಒಂದೇ ಬಸ್ಸು.

ಇಲ್ಲಿ ನನ್ನ ಅತ್ತೆಯ ಹೊಟ್ಟೆಯ ವಿಷಯ ಹೇಳಬೇಕು. ಬಸ್ಸು ಹತ್ತಿದರೆ ಸಾಕು, ಅತ್ತೆಗೆ ವಾಂತಿ. ಒಮ್ಮೆ ಕಲಬುರಗಿಗೆಂದು ಹೊರಟವರು ಅರ್ಧ ದಾರಿಯಲ್ಲೇ ಇಳಿದು, ತಿರುಗಿ ಬರುವ ಬಸ್ಸನ್ನೂ ಹತ್ತಲೊಲ್ಲದೆ, ಯಾರದೋ ಎತ್ತಿನ ಬಂಡಿಯಲ್ಲಿ ಮನೆ ಸೇರಿದ್ದರು. ಆಮೇಲೆ ಒಂದು ಮದುವೆಗೆ ಸರಕಿನ ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತು ಹೋದಾಗ ಗೊತ್ತಾಯಿತು, ಮುಂದೆ ಕೂತರೆ ಅವರಿಗೆ ಏನೂ ಆಗುವುದಿಲ್ಲ. “ರಸ್ತಾ ಎದುರಿಗಿ ಬರೋದ ಕಂಡ್ರ ಹೊಟ್ಟಿ ಸುಮ್ ಕುಂದರ್ತದ” ಎನ್ನುವುದು ಅವರ ವೈದ್ಯಶಾಸ್ತ್ರ. ಆ ಬಸ್ಸಿನಲ್ಲಿ ಡ್ರೈವರನ ಎಡಕ್ಕೆ, ದೊಡ್ಡ ಗಾಜಿನ ಹಿಂದೆ, ಒಂದೇ ಒಂದು ಒಂಟಿ ಸೀಟಿತ್ತು. ಅದು ಸಿಕ್ಕರೆ ಅತ್ತೆ ಆಲಮಟ್ಟಿ ನೋಡುತ್ತಾರೆ. ಸಿಗದಿದ್ದರೆ ಜೇವರ್ಗಿಯಲ್ಲೇ ಉಳಿಯುತ್ತಾರೆ. ಟಿವಿಯಲ್ಲಿ ಆ ಕಾರಂಜಿ ನೋಡಿದಾಗಿನಿಂದ, “ನೀರ ಕುಣಿತದಂದ್ರ ನಾ ನಂಬಂಗಿಲ್ಲ, ನೋಡೇ ತೀರಬೇಕು” ಎನ್ನುತ್ತಿದ್ದವರು ಅವರು.

ಹಾಗೆಂದು ಸೀಟು ಕೇಳಿ ಪಡೆಯುವ ಪೈಕಿ ಅಲ್ಲ. ಆದ್ದರಿಂದ ನಾನೊಂದು ಹೊಂಚು ಹಾಕಿದೆ. ಫೋನಿನಲ್ಲಿ ಎಲ್ಲ ಊರುಗಳ ಮುಖ್ಯಸ್ಥೆಯರಿಗೆ ಹೇಳಿದೆ, “ಜಗಳಾ ಬ್ಯಾಡ್ರಿ, ಹಿರೇರು ಮುಂದ, ಸಣ್ಣೋರು ಹಿಂದ. ವಯಸ್ಸ ಕಳಸ್ರಿ, ಕಂಪ್ಯೂಟರ್ ತಾನೇ ಸೀಟ್ ಹಂಚತದ.” ಎಷ್ಟು ನ್ಯಾಯದ ಮಾತು ಎಂದು ಎಲ್ಲರೂ ಹೊಗಳಿದರು. ನಮ್ಮ ಕೂಟದಲ್ಲಿ ನನ್ನ ಅತ್ತೆಗಿಂತ ಹಿರಿಯರು ಯಾರೂ ಇಲ್ಲ ಎಂದು ನನಗೆ ಖಾತ್ರಿಯಿತ್ತು. ನ್ಯಾಯದ ಮಾತನ್ನು ಮೊದಲೇ ಲೆಕ್ಕ ಹಾಕಿ ಆಡಿದರೆ ಅದರ ರುಚಿಯೇ ಬೇರೆ.

ಆದರೆ ಒಂದು ತೊಡಕು. ಅತ್ತೆ ತಮ್ಮ ವಯಸ್ಸು ಹೇಳುವುದಿಲ್ಲ. ನಮ್ಮ ಕಡೆಯ ಹಳೆ ಹೆಂಗಸರು ಯಾರೂ ಹೇಳುವುದಿಲ್ಲ, ಬಾಯಿಬಿಟ್ಟು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಅತ್ತೆಯ ತಾಯಿ ಜನಗಣತಿಗೆಂದು ಮನೆಮನೆ ಬರೆದುಕೊಳ್ಳಲು ಬಂದವರಿಗೆ ವಯಸ್ಸು ಹೇಳಿದರಂತೆ, ಮುಂದಿನ ಎಳ್ಳ ಅಮವಾಸ್ಯೆಗೆ ಇರಲಿಲ್ಲವಂತೆ. ಆಧಾರ್ ಕಾರ್ಡು ನೋಡಿದರಾಯಿತಲ್ಲ ಎನ್ನಬೇಡಿ. ಕಾರ್ಡಿನ ಪ್ರಕಾರ ಅವರೆಲ್ಲರೂ ಜನವರಿ ಒಂದನೇ ತಾರೀಖಿಗೇ ಹುಟ್ಟಿದವರು, ಮತ್ತು ನನ್ನ ಅತ್ತೆ ತಮ್ಮ ಸ್ವಂತ ತಂಗಿಗಿಂತ ಚಿಕ್ಕವರು.

ಇರಲಿ, ಅತ್ತೆ ಹಿರಿಯರೆಂದು ಎಲ್ಲರಿಗೂ ಗೊತ್ತಿದೆಯಲ್ಲ, ಚೌಕ ಖಾಲಿ ಬಿಟ್ಟರೂ ಕಂಪ್ಯೂಟರಿಗೆ ಹೇಗೋ ಗೊತ್ತಾಗುತ್ತದೆ ಎಂದು ನಾನು ತಿಳಿದಿದ್ದೆನೋ ಏನೋ. ಆ ದಿನ ಬೆಳಿಗ್ಗೆ ಜೇವರ್ಗಿಯ ನಮ್ಮ ಕೌದಿ ಶೆಡ್ಡಿನ ಅಂಗಳದಲ್ಲಿ ಹೆಂಗಸರು ಬುತ್ತಿಗಂಟುಗಳೊಂದಿಗೆ ನೆರೆದಿದ್ದರು. ಅತ್ತೆ ಅಲ್ಲಿಯವರೆಗೆ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಬಂದಿದ್ದರು. ಇಜೇರಿಯವರ ಜೀಪು ಮಾತ್ರ ಬರಬೇಕಿತ್ತು. ಬಸ್ಸಿನ ಡ್ರೈವರಣ್ಣ, ಮೀಸೆ ತಿರುವುವ ನಡುವಯಸ್ಸಿನವನು, “ಅಕ್ಕಾರ, ಪಟ್ಟಿ ಓದ್ರಿ, ಕುಂದರ್ಸಿ ಬಿಡ್ತೇನಿ” ಎಂದ. ನಾನು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಎಲ್ಲರೂ ನೋಡಲೆಂದು ಬೆರಳನ್ನು ಮೇಲೆತ್ತಿ, ದೊಡ್ಡದರಿಂದ ಸಣ್ಣದಕ್ಕೆ ಜೋಡಿಸುವ ಗುಂಡಿ ಒತ್ತಿದೆ. ಹಾಳೆ ಒಮ್ಮೆ ಮಿಡುಕಿ ನಿಂತಿತು. ಗಂಟಲು ಸರಿಮಾಡಿಕೊಂಡು ಓದಿದೆ.

ಸೀಟ್ ನಂಬರ್ ಒಂದು, ಅತನೂರಿನ ಹೊಸ ಸೊಸೆ.

ಎಲ್ಲರ ತಲೆಯೂ ಅತ್ತ ತಿರುಗಿತು. ಆ ಹುಡುಗಿ ಕೈತುಂಬ ಹಸಿರು ಬಳೆ ತೊಟ್ಟು ತನ್ನ ಅತ್ತೆಯ ಹಿಂದೆ ನಿಂತಿದ್ದಳು. ಅರಿಸಿನದ ಬಣ್ಣ ಇನ್ನೂ ಕೆನ್ನೆಯಲ್ಲಿತ್ತು. ನಡೆದದ್ದಿಷ್ಟೇ. ಅತನೂರಿನಿಂದ ಬಂದ ಪಟ್ಟಿಯಲ್ಲಿ ಆಕೆಯ ವಯಸ್ಸಿನ ಚೌಕದಲ್ಲಿ ಅಂಕಿಯಿರಲಿಲ್ಲ, ‘ಹೊಸಾ ಸೊಸಿ’ ಎಂದು ಬರೆದಿದ್ದರು. ನಾನು ಹಾಗೇ ಅಂಟಿಸಿದ್ದೆ. ದೊಡ್ಡದರಿಂದ ಸಣ್ಣದಕ್ಕೆ ಇಳಿಯುವಾಗ ಎಕ್ಸೆಲ್ಲಿಗೆ ಅಂಕಿಗಿಂತ ಅಕ್ಷರ ದೊಡ್ಡದು. ಹೀಗೆ ಮದುವೆಯಾಗಿ ತಿಂಗಳಾಗದ ಹುಡುಗಿ ಮೂರು ತಾಲ್ಲೂಕಿಗೆ ಹಿರಿಯಳಾದಳು.

“ಅತ್ತೀಗೊಂದ್ ಕಾಲ, ಸೊಸಿಗೊಂದ್ ಕಾಲ” ಎಂದು ಯಾರೋ ಅಂದರು. ನಗು ಶುರುವಾಯಿತು. ಹೊಸ ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಭುಜ ಮಾತ್ರ ಕುಣಿಯುತ್ತಿತ್ತು.

“ಕಡೀ ಸೀಟ್ ಯಾರಿಗಿ ಬಂದದ, ಓದು” ಎಂದರು ಅತ್ತೆ. ಅವರ ಧ್ವನಿಯಲ್ಲೇ ಸಂಶಯವಿತ್ತು. ನಾನು ಕೆಳಕ್ಕೆ ಸರಿಸಿದೆ. ಸೊಂಟ ಹಿಡಿದುಕೊಂಡವರು, ಕೋಲು ಹಿಡಿದವರು, ಹಲ್ಲಿಲ್ಲದವರು, ಎಲ್ಲ ಹಿರಿಯರೂ ಖಾಲಿ ಚೌಕ ಹೊತ್ತು, ಬಸ್ಸಿನ ಹಿಂಗಾಲಿಯ ಮೇಲಿನ ಕೊನೆಯ ಬೆಂಚಿನಲ್ಲಿ ಸಾಲಾಗಿ ಕೂತಿದ್ದರು. ಅವರ ನಡುವೆ ನನ್ನ ಅತ್ತೆ.

“ಏ ಬೇ, ನಿನ್ನ ಮಷಿನ್ನಿಗಿ ಕಣ್ಣ ಅದಾವೋ ಇಲ್ಲೋ?”

“ಅತ್ತೀ, ವಯಸ್ಸೊಂದ್ ಹೇಳಿಬಿಡ್ರಿ, ಈಗಿಂದೀಗ ಸರಿ ಮಾಡ್ತೇನಿ.”

“ಹೇಳಿ ಸಾಯ್ಲೇನ?” ಎಂದು ಅತ್ತೆ ಬುತ್ತಿಗಂಟು ತೆಗೆದುಕೊಂಡು ಕಟ್ಟೆಯ ಮೂಲೆಗೆ ಹೋಗಿ ಕೂತರು. “ನೀವ್ ಹೋಗಿಬರ್ರಿ. ನಾ ಇಲ್ಲೇ ಇರ್ತೇನಿ.”

ನನಗೆ ಕಂಪ್ಯೂಟರಿನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅದಕ್ಕೆ ಎರಡು ಕೆನ್ನೆಗಳಿದ್ದಿದ್ದರೆ ಅಂದು ಉಳಿಯುತ್ತಿರಲಿಲ್ಲ. ಖಾಲಿ ಚೌಕ ತುಂಬಿಸಿದರಾಯಿತು ಎಂದು ಮೊದಲು ಸೊನ್ನೆ ಹಾಕಿದೆ. ಸೊನ್ನೆ ವರ್ಷದ ಅಜ್ಜಿಯರು ಆಗ ತಾನೇ ಹುಟ್ಟಿದವರಂತೆ ಅದೇ ಕೊನೆಯ ಬೆಂಚಿನಲ್ಲಿ ಉಳಿದರು. ಆಮೇಲೆ ನಮ್ಮ ಕ್ಲಾಸಿನಲ್ಲಿ ಕಲಿಸಿದ್ದು ನೆನಪಾಯಿತು, ಗೊತ್ತಿಲ್ಲದ ಕಡೆ ಉಳಿದವರ ಸರಾಸರಿ ಹಾಕಬಹುದು. ಹಾಕಿದೆ. ಹಲ್ಲಿಲ್ಲದವರೆಲ್ಲ ಒಂದೇ ಗಳಿಗೆಯಲ್ಲಿ ನನ್ನ ವಾರಿಗೆಯವರಾಗಿ ಬಸ್ಸಿನ ನಡುವೆ ಬಂದು ಕೂತರು. ಅದನ್ನು ಓದಿ ಹೇಳಿದಾಗ ಕೋಲಿನ ಅಜ್ಜಿಯೊಬ್ಬರು, “ಹಂಗಾದ್ರ ನನಗೂ ಒಂದ್ ಚೂಡಿದಾರ್ ಹೊಲಸ್ರಿ” ಎಂದರು. ಮತ್ತೆ ನಗು. ಕೊನೆಗೆ, ಆಗಿದ್ದಾಗಲಿ, ಎಲ್ಲ ಖಾಲಿ ಚೌಕಕ್ಕೂ ನೂರು ಎಂದು ಬರೆದೆ. ಈಗ ಎಲ್ಲ ಹಿರಿಯರೂ ಸರಿಯಾಗಿ ಮುಂದೆ ಬಂದರು. ಆದರೆ ನೂರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಜ್ಜಿಯರೆಲ್ಲ ಒಟ್ಟಿಗೆ ಎದ್ದರು.

“ನೂರ ಮುಗೀತಂದ್ರ ಇನ್ನೇನ್ ಉಳೀತು ಬೇ? ಆಲಮಟ್ಟಿಗಿ ಕರ್ಕೊಂಡ್ ಹೊಂಟೀಯೋ, ಮಣ್ಣಿಗೋ? ಅಳಸು ಮೊದಲ.”

ಅಳಿಸಿದೆ. ಚೌಕಗಳು ಮತ್ತೆ ಖಾಲಿ. ಡ್ರೈವರಣ್ಣ ಬಾಗಿಲಿಗೆ ಒರಗಿ, “ಎಲ್ಲಾರೂ ಪಲ್ಲಕ್ಕಿ ಏರಿದ್ರ ಹೊರೋರ್ ಯಾರ್ರಿ? ಯಾರರ ಹಿಂದ ಕುಂದ್ರಾಕ ಬೇಕಲ್ಲ” ಎಂದ. ಮೂಲೆಯಲ್ಲಿ ಅತ್ತೆ ಗಂಟಿನ ಮೇಲೆ ಕೈಯಿಟ್ಟು ರಸ್ತೆ ನೋಡುತ್ತಿದ್ದರು. ನನ್ನ ನಗು ಅಲ್ಲಿಗೆ ನಿಂತಿತು. ಹಿಂದಿನ ಸಂಜೆ ಅವರು ಆಲಮಟ್ಟಿಗೆಂದೇ ಇಳಕಲ್ ಸೀರೆಯನ್ನು ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟುಕೊಂಡಿದ್ದನ್ನು ನಾನು ನೋಡಿದ್ದೆ. ಈಗ ಅದನ್ನೇ ಉಟ್ಟು ಕೂತಿದ್ದರು.

ಅಷ್ಟರಲ್ಲಿ ಇಜೇರಿಯ ಜೀಪು ಬಂತು.

ಜೀಪಿನಿಂದ ಇಳಿದವರಲ್ಲಿ ಲಿಂಗಾಯತರ ಮನೆಯವರೂ ಇದ್ದರು, ಮುಸಲ್ಮಾನರ ಮನೆಯವರೂ ಇದ್ದರು. ಇಳಿದದ್ದೇ ರೂಢಿಯಂತೆ ಶುರುವಾಯಿತು. ಒಬ್ಬಾಕೆ ಬಗ್ಗಿ ಶರಣ್ರಿ ಎಂದಳು, ಇನ್ನೊಬ್ಬಾಕೆ ತಲೆಯ ಮೇಲೆ ಸೆರಗೆಳೆದು ಸಲಾಂ ಎಂದಳು. ಗುರುತಿಲ್ಲದವರೂ ಒಬ್ಬರ ಮುಖ ಒಬ್ಬರು ಒಂದು ಗಳಿಗೆ ನೋಡಿ, ಕೂದಲು ನೋಡಿ, ಕೈಯ ನರ ನೋಡಿ, ಯಾರು ಮೊದಲು ಬಗ್ಗಬೇಕೆಂದು ತಮ್ಮೊಳಗೇ ತೀರ್ಮಾನಿಸಿಬಿಡುತ್ತಿದ್ದರು. ಯಾರೂ ಯಾರ ವಯಸ್ಸೂ ಕೇಳಲಿಲ್ಲ. ಆದರೂ ಯಾರೂ ತಪ್ಪಲಿಲ್ಲ. ನೋಡುತ್ತ ನಿಂತ ನನಗೆ ತಲೆಯೊಳಗೆ ಏನೋ ಪಟ್ಟನೆ ಹತ್ತಿಕೊಂಡಿತು. ಮೊದಲು ಬಗ್ಗಿದವಳು ಕೆಳಗಿನ ಸಾಲು, ಹರಸಿದವಳು ಮೇಲಿನ ಸಾಲು. ಅಂಕಿ ಯಾಕೆ ಬೇಕು?

ಲ್ಯಾಪ್‌ಟಾಪ್ ಮುಚ್ಚಿ ಕಟ್ಟೆಯ ಮೇಲೆ ಹತ್ತಿ ನಿಂತೆ. “ಎಲ್ಲಾರೂ ಕೇಳ್ರಿ. ವಯಸ್ಸ ಹೇಳೋದ್ ಬ್ಯಾಡ. ವಯಸ್ಸ ಬರೀದೋರೆಲ್ಲಾ ಒಬ್ಬರಿಗೊಬ್ಬರು ಶರಣಾ ಮಾಡ್ರಿ, ಸಲಾಂ ಮಾಡ್ರಿ. ಮೊದಲ ಮಾಡ್ದಾಕಿ ಹಿಂದ ನಿಂದ್ರಬೇಕು.”

ಹಿರಿಯರಿಗಷ್ಟೇ ಹೇಳಿದ್ದೆ. ಆದರೆ ನಮ್ಮ ಹೆಂಗಸರಿಗೆ ಒಂದು ಮಾಡು ಎಂದರೆ ನಾಲ್ಕು ಮಾಡುತ್ತಾರೆ. ಇಡೀ ಅಂಗಳ ಬಗ್ಗಿ ಏಳತೊಡಗಿತು. ಬುತ್ತಿಗಂಟು ಉರುಳಿತು, ಶೇಂಗಾ ಹಿಂಡಿಯ ಡಬ್ಬಿ ಬಾಯಿ ಬಿಟ್ಟಿತು. ಒಬ್ಬಾಕೆ ಬಗ್ಗಿದಾಗ ಹಿಂದಿನಾಕೆಗೆ ಡಿಕ್ಕಿ. ಇಬ್ಬರೂ ತಿರುಗಿ ಪರಸ್ಪರ ಕ್ಷಮೆ ಕೇಳುವ ಭರದಲ್ಲಿ ಮತ್ತೊಮ್ಮೆ ಶರಣು. ಅತನೂರಿನ ಹೊಸ ಸೊಸೆ ಪಾಪ, ಯಾರಿಗೆ ಎಂದು ನೋಡದೆ ಸಿಕ್ಕ ಸಿಕ್ಕವರ ಕಾಲಿಗೆ ಬೀಳುತ್ತ ಸಾಗಿ, ಕಡೆಗೆ ಡ್ರೈವರಣ್ಣನ ಬೂಟಿನ ಹತ್ತಿರ ಬಂದು ನಿಂತಳು. ಅವನು ಗಾಬರಿಯಾಗಿ, “ಏ ತಂಗಿ, ನನ್ ಸೀಟ್ ಬ್ಯಾರೆ ಐತಿ” ಎಂದು ಬಸ್ಸು ಹತ್ತಿ ಸ್ಟೇರಿಂಗ್ ಹಿಡಿದುಕೊಂಡ. ನಾನು ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಕುಸಿದೆ. ಕೋಲಿನ ಅಜ್ಜಿ ಹರಸಿ ಹರಸಿ ಕೈ ನೋಯುತ್ತಿದೆ ಎಂದು ಆಮೇಲೆ ಕೋಲಿನಿಂದಲೇ ತಲೆ ಮುಟ್ಟಿ ಹರಸುತ್ತಿದ್ದರು.

ನಂಬಿದರೆ ನಂಬಿ, ಗದ್ದಲ ಇಳಿದಾಗ ಸಾಲು ತಯಾರಾಗಿತ್ತು. ಕೋಲಿನ ಅಜ್ಜಿ ಮೂರನೆಯವರಾಗಿ ನಿಂತರು. ಅವರ ಮುಂದೆ ಇಬ್ಬರೇ ಉಳಿದಿದ್ದರು. ಒಬ್ಬರು, ಎಲ್ಲರೂ ಎಳೆದು ತಂದು ನಿಲ್ಲಿಸಿದ್ದ ನನ್ನ ಅತ್ತೆ. ಇನ್ನೊಬ್ಬರು ಇಜೇರಿಯ ಅಜ್ಜಿ. ಬಿಳಿ ಸೀರೆ, ಬಿಳಿ ಕೂದಲು, ಬಾಯಲ್ಲಿ ಎಲೆಯಡಿಕೆ. ಊರವರೆಲ್ಲ ಆಕೆಯನ್ನು ನಾನೀಮಾ ಎನ್ನುತ್ತಿದ್ದರು. ಇಬ್ಬರಿಗೂ ಉಳಿದವರೆಲ್ಲ ಬಗ್ಗಿಯಾಗಿತ್ತು. ಇಬ್ಬರೂ ಯಾರಿಗೂ ಬಗ್ಗಿರಲಿಲ್ಲ.

ನನ್ನ ಹೊಂಚಿನಲ್ಲಿ ಈ ನಾನೀಮಾ ಇರಲೇ ಇಲ್ಲ. ಇಜೇರಿಯಿಂದ ಬಂದ ಪಟ್ಟಿಯಲ್ಲಿ ಆಕೆಯದೂ ಒಂದು ಖಾಲಿ ಚೌಕ ಅಷ್ಟೇ.

ಅತ್ತೆ ನಾನೀಮಾನನ್ನು ನೋಡಿದರು. ನಾನೀಮಾ ಅತ್ತೆಯನ್ನು ನೋಡಿದಳು. ಮೊದಲು ಬಗ್ಗಿದವಳಿಗೆ ಎರಡನೇ ಸೀಟು.

“ನಿಮ್ಮ ಹಿರೇ ಮಗನ ವಯಸ್ಸೆಷ್ಟ್ರಿ?” ಎಂದರು ಅತ್ತೆ, ಸಲೀಸಾಗಿ, ಹವಾಮಾನ ಕೇಳುವಂತೆ.

“ಆವ ದುಡ್ಯಾಕ ಹೋಗ್ಯಾನವ್ವ” ಎಂದಳು ನಾನೀಮಾ. “ನಿನ್ ಲಗ್ನ ಆದಾಗ ಊರಿಗಿ ಬಸ್ ಬರ್ತಿತ್ತೇನು?”

“ಬಸ್ಸಿನ ಸುದ್ದಿ ನನ್ನ ಕೇಳಬ್ಯಾಡ್ರಿ, ಬಸ್ ಅಂದ್ರ ನನಗ ವಾಂತಿ” ಎಂದರು ಅತ್ತೆ. ಇಬ್ಬರೂ ಎಷ್ಟು ನಯವಾಗಿ ಜಾರಿಕೊಂಡರೆಂದರೆ ಸುತ್ತಲಿನವರಿಗೆ ನಗು ತಡೆಯಲಾಗಲಿಲ್ಲ. ಡ್ರೈವರಣ್ಣ ಹಾರ್ನ್ ಹಾಕಿದ.

ನಾನೀಮಾ ಮಾತ್ರ ನಗಲಿಲ್ಲ. ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ಮೆಲ್ಲಗೆ ಹೇಳಿದಳು, “ಬಗ್ಗಾಕ ನನಗೇನ್ ಹಠ ಇಲ್ಲವ್ವ. ಖರೇ ಹೇಳ್ತೇನಿ, ಆಸೀನ ಅದ. ಆದ್ರ ಯಾರಿಗಿ ಬಗ್ಗಲಿ? ನನಗ ಬೇಟಿ, ಮಗಳ ಅನ್ನೋರೆಲ್ಲಾ ಹೋಗಿಬಿಟ್ರು. ಯಾ ಮನಿಗಿ ಹೋದ್ರೂ ಎಲ್ಲಾರೂ ನನ್ನ ಕಾಲಿಗೇ ಬರ್ತಾರ. ನನ್ನ ತಲೀ ಮ್ಯಾಲ ಕೈ ಇಡೋರು ಒಬ್ಬರೂ ಇಲ್ಲ.”

ನಾನು ಅತ್ತೆಯ ಮುಖ ನೋಡಿದೆ. ಅವರ ಅಕ್ಕ ತೀರಿಕೊಂಡ ಮೇಲೆ ಅವರನ್ನೂ ಯಾರೂ ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿರಲಿಲ್ಲ. ನಾವೆಲ್ಲ ಹಬ್ಬಕ್ಕೆ ಅವರ ಕಾಲು ಮುಟ್ಟಿ, ಹರಕೆ ಪಡೆದು, ಹೋಳಿಗೆಗೆ ಕೂರುತ್ತಿದ್ದೆವು. ಅವರಿಗೆ ಯಾರು ಹರಸುತ್ತಾರೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಅತ್ತೆ ಬುತ್ತಿಗಂಟನ್ನು ನನ್ನ ಕೈಗೆ ಕೊಟ್ಟರು. ಸೆರಗು ಸರಿಮಾಡಿಕೊಂಡು, ಮೊಣಕಾಲಿನ ನೋವಿಗೆ ಒಮ್ಮೆ ಮುಖ ಕಿವುಚಿ, ನಾನೀಮಾನ ಕಾಲಿಗೆ ಬಗ್ಗಿದರು. ಬೇಡ ಅತ್ತೀ, ಬೇಡ ಎಂದು ನನಗೆ ಕೂಗಬೇಕೆನಿಸಿತು. ಆ ಸೀಟು, ಆ ಕಾರಂಜಿ, ಎಲ್ಲ ಹೋಯಿತು.

ನಾನೀಮಾ ಅವರ ಕೈಗಳನ್ನು ಕಾಲಿಗೆ ತಾಕುವ ಮೊದಲೇ ಹಿಡಿದುಕೊಂಡಳು. ಒಂದು ಕೈಯನ್ನು ಅತ್ತೆಯ ತಲೆಯ ಮೇಲಿಟ್ಟಳು. “ಅಲ್ಲಾ ಉಮರ್ ದರಾಜ್ ಕರೇ, ಬೇಟಿ” ಎಂದಳು. ಆಮೇಲೆ ಅತ್ತೆಗೆ ತಿಳಿಯಲೆಂದು ಕನ್ನಡದಲ್ಲೂ ಹೇಳಿದಳು, “ನಿಂಗ ಬಾಳ ಆಯುಷ್ಯ ಕೊಡ್ಲಿ ಮಗಳ.” ಅತ್ತೆ ಎದ್ದು ನಿಂತಾಗ ಅವರ ಮುಖ ಅತನೂರಿನ ಹೊಸ ಸೊಸೆಯ ಮುಖದಂತಿತ್ತು.

ಡ್ರೈವರಣ್ಣ ಬಾಗಿಲು ತೆರೆದು, “ಬರ್ರಿ ನಾನೀಮಾ, ಮೊದಲ ಸೀಟ್ ನಿಮ್ದು” ಎಂದ. ನಾನೀಮಾ ಮೆಟ್ಟಿಲು ಹತ್ತಿದಳು, ಒಂಟಿ ಸೀಟನ್ನು ನೋಡಿದಳು, ದೊಡ್ಡ ಗಾಜನ್ನು ನೋಡಿದಳು, ತಿರುಗಿ ನಿಂತಳು.

“ಏ ಮಗಳ, ವಾಂತಿ ಅಂದಿ ಇಲ್ಲೋ? ಬಾ, ಇಲ್ಲಿ ಕುಂದರು.”

“ಬ್ಯಾಡ್ರಿ, ಅದ ನಿಮ್ ಸೀಟ್” ಎಂದರು ಅತ್ತೆ.

“ಹಿರೇಳ್ ಯಾರು? ಈಗ ಎಲ್ಲಾರ ಮುಂದ ಬಗ್ಗಿದಿ ಇಲ್ಲೋ? ಹಿರೇರ ಮಾತ ಮೀರ್ತೀಯೇನ ಬೇ? ಕುಂದರ್ ಅಂದ್ರ ಕುಂದರಬೇಕು.”

ಮೂರು ತಾಲ್ಲೂಕಿನ ಹೆಂಗಸರು ಹೋ ಎಂದರು. ನನ್ನ ಅತ್ತೆಗೆ, ಇಡೀ ಓಣಿಯನ್ನು ಒಂದು ಹುಬ್ಬಿನಿಂದ ಆಳುವ ನನ್ನ ಅತ್ತೆಗೆ, ‘ಬೇ’ ಎಂದು ಗದರಿಸುವವರು ಸಿಕ್ಕಿದ್ದರು. ಅತ್ತೆ ತುಟಿ ಪಿಟಕ್ಕೆನ್ನದೆ ಹತ್ತಿ, ಒಂಟಿ ಸೀಟಿನಲ್ಲಿ ಕೈಕಟ್ಟಿ ಕೂತರು. ನಾನೀಮಾ ಹಿಂದಿನ ಸಾಲಿನ ಕಿಟಕಿಗೆ ಕೂತು ದಾರಿಯುದ್ದಕ್ಕೂ ಅವರ ಬೆನ್ನು ತಟ್ಟಿ ತಟ್ಟಿ ಹೊಟ್ಟೆಯ ಯೋಗಕ್ಷೇಮ ಕೇಳಿದಳು. ಹೊಟ್ಟೆ ಸುಮ್ಮನೆ ಕೂತಿತ್ತು. ಸಿಂದಗಿ ದಾಟುವ ಹೊತ್ತಿಗೆ ಅತ್ತೆ ಹಾಡಿಗೆ ಶುರು ಹಚ್ಚಿಕೊಂಡರು. ಕೊನೆಯ ಬೆಂಚಿನಲ್ಲಿ ಹುಡುಗಿಯರೊಂದಿಗೆ ಕೂತ ನಾನು ಪ್ರತಿ ಉಬ್ಬಿಗೂ ಛತ್ತಿಗೆ ಹಾರಿ, ಪ್ರತಿ ಸಲವೂ ಕಿರುಚಿ, ತಲೆಗೆ ಎರಡು ಬುಗುಟು ಮಾಡಿಕೊಂಡೆ. ಜೀವನದಲ್ಲಿ ಅಷ್ಟು ಖುಷಿಯಾಗಿ ಪೆಟ್ಟು ತಿಂದದ್ದಿಲ್ಲ.

ಸಂಜೆ ಕಾರಂಜಿ ಕುಣಿಯಿತು. ಅತ್ತೆ ನಂಬಿದರು. ಮೈಮೇಲೆ ತುಂತುರು ಬಿದ್ದಾಗ ಹಿಂದೆ ಸರಿಯದೆ, ನಾನೀಮಾನ ಕೈ ಹಿಡಿದು ಇನ್ನೂ ಮುಂದೆ ಹೋಗಿ ನಿಂತರು. ಇಬ್ಬರೂ ತೊಯ್ದು ಬಂದು ಕಲ್ಲುಬೆಂಚಿನ ಮೇಲೆ ಕೂತಾಗ ಅತ್ತೆ ನನ್ನನ್ನು ಕರೆದರು. ಕೂಟದ ಲ್ಯಾಪ್‌ಟಾಪನ್ನು ಯಾರ ಕೈಗೂ ಕೊಡುವ ಧೈರ್ಯವಿಲ್ಲದೆ ನಾನು ದಿನವಿಡೀ ಹೆಗಲಿಗೆ ಹಾಕಿಕೊಂಡೇ ತಿರುಗುತ್ತಿದ್ದೆ.

“ಅದ್ರಾಗ ನನ್ನ ಹೆಸರಿನ ಮುಂದ ಇನ್ನಾ ಖಾಲೀನ ಅದ ಏನು?”

“ಹೌದ್ರಿ ಅತ್ತೀ.”

“ತಗಿ. ಬರಿ.”

ನನಗೆ ನಂಬಿಕೆಯಾಗಲಿಲ್ಲ. ಆಯುಷ್ಯ ಕಡಿಮೆಯಾಗುತ್ತದಲ್ಲ ಎಂದು ಕೇಳಿಯೇಬಿಟ್ಟೆ. “ಮುಂಜಾನಿ ಈಕಿ ಕೊಟ್ಟಾಳ ನೋಡು ಬೇಕಾದಷ್ಟು” ಎಂದರು ಅತ್ತೆ. ನನ್ನನ್ನು ಹತ್ತಿರಕ್ಕೆಳೆದು ಕಿವಿಯಲ್ಲಿ ಒಂದು ಸಂಖ್ಯೆ ಹೇಳಿದರು. ಅದು ಎಷ್ಟೆಂದು ನಾನು ಇಲ್ಲಿ ಬರೆಯುವುದಿಲ್ಲ, ನನಗೂ ಈಗ ಅಷ್ಟಿಷ್ಟು ನಂಬಿಕೆ ಬಂದಿದೆ. ಚೌಕದಲ್ಲಿ ಬರೆದೆ. ನಾನೀಮಾನ ಕಡೆ ತಿರುಗಿದೆ. ಆಕೆ ಎಲೆಯಡಿಕೆ ಅಗಿಯುತ್ತ ನೀರು ನೋಡುತ್ತಿದ್ದಳು, ಕೇಳಿಸಲೇ ಇಲ್ಲವೆಂಬಂತೆ.

“ಈಕಿನ್ನ ಕೇಳಬ್ಯಾಡ” ಎಂದರು ಅತ್ತೆ. “ನನ್ದಕ್ಕಿಂತ ಒಂದ್ ಹೆಚ್ಚ ಬರಿ.”

ನಾನು ಅಂಕಿ ಬರೆಯಲಿಲ್ಲ. ಅತ್ತೆಯ ಚೌಕಕ್ಕೆ ಒಂದು ಕೂಡಿಸು ಎಂಬ ಸೂತ್ರ ಬರೆದೆ. ಅತ್ತೆಗೆ ಎಷ್ಟೇ ಆಗಲಿ, ನಾನೀಮಾಗೆ ಒಂದು ಹೆಚ್ಚೇ ಇರುತ್ತದೆ. ಆಮೇಲೆ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದೆ. ನಾನಿನ್ನೂ ಸರಿಮಾಡಿರದ ಹೊಸ ಸೊಸೆಯ ಚೌಕ ಬಿಟ್ಟರೆ, ಮೊದಲು ನಾನೀಮಾ, ಆಕೆಯ ಕೆಳಗೆ ಅತ್ತೆ. ಅತ್ತೆಗೆ ಓದಲು ಬರುವುದಿಲ್ಲ. ತಮ್ಮ ಸಾಲು ಯಾವುದೆಂದು ಕೇಳಿದರು, ತೋರಿಸಿದೆ. ತೊಯ್ದ ಬೆರಳನ್ನು ಅದರ ಮೇಲಿಟ್ಟು, ಮೆಲ್ಲಗೆ ಒಂದು ಸಾಲು ಮೇಲಕ್ಕೆ ಸರಿಸಿ, ಅಲ್ಲೇ ನಿಲ್ಲಿಸಿದರು.

“ನೋಡು” ಎಂದರು, “ನನ್ನ ಮ್ಯಾಲ ಒಬ್ಬಾಕಿ ಇದ್ದಾಳ.”